ಹಳೆ ಕಂಪ್ಯೂಟರಿಗೆ ಯಾವ ಬ್ರೌಸರ್? ಹಗುರ ಯಾವುದು ಅಂತ ಕೇಳುವ ಮೊದಲು

ಬ್ರೌಸರ್ ಬದಲಿಸಿದರೆ ಹಳೆ ಕಂಪ್ಯೂಟರ್ ಚುರುಕಾಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಬೆಳಗಾವಿಯಿಂದ ಮುದ್ದೇಬಿಹಾಳದವರೆಗೆ ಯಾವುದೇ ಆನ್‌ಲೈನ್ ಸೆಂಟರಿಗೆ, ಝೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಹತ್ತು ಹನ್ನೆರಡು ವರ್ಷದ ಸಿಪಿಯು ಡಬ್ಬಿ, ಸ್ಕ್ರೀನ್ ಮೇಲೆ ಸಾಲಾಗಿ ನಾಲ್ಕೈದು ಬ್ರೌಸರ್ ಐಕಾನ್. ಒಂದು ಹ್ಯಾಂಗ್ ಆದರೆ ಇನ್ನೊಂದು, ಅದೂ ನಿಂತರೆ ಮತ್ತೊಂದು. "ಇದು ಲೈಟ್ ಐತ್ರೀ, ಅದು ಭಾಳ ಹೆವಿ" ಅಂತ ಅಂಗಡಿಯವರು ಹೇಳುತ್ತಾರೆ. ಉತಾರ ತೆಗೆಸೋಕೆ ಬಂದ ರೈತ, ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಬಂದ ಹುಡುಗಿ, ಇಬ್ಬರೂ ಪಾಳಿಯಲ್ಲಿ ಕಾಯುತ್ತಿರುತ್ತಾರೆ. ಚಕ್ರ ತಿರುಗುತ್ತಲೇ ಇರುತ್ತದೆ.

ಹಗುರವಾದ ಬ್ರೌಸರ್ ಯಾವುದು ಅಂತ ಹುಡುಕುವುದರಲ್ಲಿ ತಪ್ಪೇನಿಲ್ಲ. ಆದರೆ ಹಳೆ ಯಂತ್ರದ ಮಟ್ಟಿಗೆ ಮೊದಲು ಕೇಳಬೇಕಾದದ್ದು ಬೇರೆ: ಆ ಬ್ರೌಸರಿಗೆ ಇವತ್ತಿಗೂ ಅಪ್‌ಡೇಟ್ ಬರುತ್ತಿದೆಯಾ? ಹಗುರ ಮಾಡಿಕೊಳ್ಳುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅಪ್‌ಡೇಟ್ ನಮ್ಮ ಕೈಯಲ್ಲಿಲ್ಲ.

ಈ ಪ್ರಶ್ನೆಗೆ ಈಗ ಬಿಸಿ ಹತ್ತಿದ್ದಕ್ಕೆ ಕಾರಣ 2025ರ ಅಕ್ಟೋಬರ್ 14. ಅವತ್ತು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದನ್ನು ಕೇಳುತ್ತದೆ. ನಮ್ಮ ಅಂಗಡಿ, ಸೊಸೈಟಿ, ಶಾಲೆಯ ಲ್ಯಾಬುಗಳಲ್ಲಿ ಇರುವ ಕೋರ್ 2 ಡ್ಯುಯೊ, ಎರಡನೇ ಮೂರನೇ ಪೀಳಿಗೆಯ ಐ3 ಯಂತ್ರಗಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೊಸದು ಕೊಳ್ಳೋಣ ಅಂದರೆ 2025ರ ಕೊನೆಯಿಂದ ರ‍್ಯಾಮ್, ಅಂದರೆ ಕಂಪ್ಯೂಟರಿನ ಮೆಮೊರಿಯ, ಬೆಲೆ ಏರಿ ಕೂತಿದೆ. ಎಐ ಕಂಪನಿಗಳ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹೋಗುತ್ತಿದೆ, ಅದರ ಬಿಸಿ ಜಮಖಂಡಿಯ ಅಂಗಡಿಯವನಿಗೂ ತಟ್ಟುತ್ತಿದೆ. ಹಾಗಾಗಿ ಇರುವ ಯಂತ್ರವನ್ನೇ ಇನ್ನೆರಡು ವರ್ಷ ಓಡಿಸಬೇಕು ಅನ್ನುವವರೇ ಜಾಸ್ತಿ.

ಮೊದಲು ಭಾರ ಎಲ್ಲಿದೆ ಅಂತ ನೋಡೋಣ. ಬ್ರೌಸರ್ ಒಂದನ್ನು ಖಾಲಿ ಪುಟದೊಂದಿಗೆ ತೆರೆದರೆ ಅದು ತೆಗೆದುಕೊಳ್ಳುವ ಮೆಮೊರಿ ದೊಡ್ಡದೇನಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ನಡುವಿನ ವ್ಯತ್ಯಾಸವೂ ಜನ ಅಂದುಕೊಂಡಷ್ಟಿಲ್ಲ. ಭಾರ ಬರುವುದು ಪುಟಗಳಿಂದ. 2024ರ ಲೆಕ್ಕದಲ್ಲಿ ಕಂಪ್ಯೂಟರಿನಲ್ಲಿ ತೆರೆಯುವ ವೆಬ್ ಪುಟವೊಂದರ ನಡುಮಟ್ಟದ ಗಾತ್ರ ಸುಮಾರು 2.6 ಎಂಬಿ. ಅದು ಡೌನ್‌ಲೋಡ್ ಆಗುವಾಗಿನ, ಅಂದರೆ ಮಡಚಿ ಕಳಿಸಿದಾಗಿನ ಗಾತ್ರ. ಬಿಚ್ಚಿದ ಮೇಲೆ ಕಥೆ ಬೇರೆ. ಒಂದು 12 ಮೆಗಾಪಿಕ್ಸೆಲ್ ಫೋಟೊ ತೆಗೆದುಕೊಳ್ಳಿ. ಫೈಲಿನಲ್ಲಿ ಅದು 3 ಎಂಬಿ ಇರಬಹುದು. ಸ್ಕ್ರೀನಿಗೆ ಪೂರ್ತಿ ಬಿಡಿಸಬೇಕಾದರೆ ಒಂದೊಂದು ಚುಕ್ಕೆಗೆ 4 ಬೈಟ್, ಒಟ್ಟು 48 ಎಂಬಿ. ಸುದ್ದಿ ಪುಟವೊಂದರಲ್ಲಿ ಇಂಥ ಚಿತ್ರಗಳು, ತಾನಾಗೇ ಓಡುವ ವಿಡಿಯೊ, ಜೊತೆಗೆ ಹತ್ತಾರು ಜಾಹೀರಾತು.

ಜಾಹೀರಾತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆ ಯಂತ್ರದ ಕಷ್ಟದ ಗುಟ್ಟು ಅಲ್ಲೇ ಇದೆ. 2008ರಲ್ಲಿ ಕ್ರೋಮ್ ಬಂದಾಗ ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್ ಆಗಿ, ಅಂದರೆ ಒಂದೊಂದಕ್ಕೂ ತನ್ನದೇ ಮೆಮೊರಿ ಕೊಟ್ಟು, ಓಡಿಸುವ ಪದ್ಧತಿ ತಂದಿತು. ಒಂದು ಟ್ಯಾಬ್ ಕೆಟ್ಟರೆ ಉಳಿದವು ಬದುಕುತ್ತಿದ್ದವು. 2018ರ ಜನವರಿಯಲ್ಲಿ ಸ್ಪೆಕ್ಟರ್ ಅನ್ನುವ ದೋಷ ಹೊರಗೆ ಬಂತು. ಅದು ಪ್ರೊಸೆಸರ್ ಚಿಪ್ಪಿನಲ್ಲೇ ಇದ್ದ ದೋಷ. ಒಂದು ಪುಟದ ಕೋಡ್, ಪಕ್ಕದ ಪುಟದ ಗುಟ್ಟನ್ನು ಇಣುಕಿ ನೋಡುವ ಸಾಧ್ಯತೆ ಇತ್ತು. ಆಮೇಲೆ ಕ್ರೋಮ್ ಪ್ರತಿ ಸೈಟನ್ನೂ ಬೇರೆ ಪ್ರೊಸೆಸ್‌ಗೆ ಹಾಕಿತು. ಪುಟದೊಳಗೆ ಕೂತ ಬೇರೆ ಸೈಟಿನ ಜಾಹೀರಾತಿಗೂ ಬೇರೆ ಪ್ರೊಸೆಸ್. ಇದರಿಂದ ಮೆಮೊರಿ ಬಳಕೆ 10ರಿಂದ 13 ಶೇಕಡಾ ಏರುತ್ತದೆ ಅಂತ ಗೂಗಲ್ ಆಗಲೇ ಹೇಳಿತ್ತು. ಫೈರ್‌ಫಾಕ್ಸ್ ಕೂಡ 2021ರ ಕೊನೆಗೆ ಇದೇ ದಾರಿ ಹಿಡಿಯಿತು.

ಅಂದರೆ ಈಗಿನ ಬ್ರೌಸರ್ ತಿನ್ನುವ ಮೆಮೊರಿಯ ಒಂದು ಪಾಲು ಸುಮ್ನೆ ದುಂದಲ್ಲ. ನಿಮ್ಮ ಬ್ಯಾಂಕಿನ ಪುಟಕ್ಕೂ ಪಕ್ಕದ ಟ್ಯಾಬಿನ ಯಾವುದೋ ಸಿನಿಮಾ ಸೈಟಿಗೂ ನಡುವೆ ಕಟ್ಟಿದ ಗೋಡೆಯ ಖರ್ಚು ಅದು. "ಬರೀ 200 ಎಂಬಿಯಲ್ಲಿ ಓಡುತ್ತದೆ" ಅಂತ ಯಾರಾದರೂ ಒಂದು ಬ್ರೌಸರನ್ನು ಹೊಗಳಿದರೆ, ಆ ಗೋಡೆ ಇದೆಯಾ ಇಲ್ಲವಾ ಅಂತ ಮೊದಲು ಕೇಳಬೇಕು. ಎಷ್ಟೋ ಸಲ ಇರುವುದಿಲ್ಲ.

ಮೆಮೊರಿ ತುಂಬಿದಾಗ ಏನಾಗುತ್ತದೆ? ವಿಂಡೋಸ್ ಕೆಲವು ಭಾಗವನ್ನು ಹಾರ್ಡ್ ಡಿಸ್ಕಿಗೆ ಬರೆದಿಡುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ತಿರುಗುವ ತಟ್ಟೆಯ ಹಳೆ ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗ ಹುಡುಕೋಕೆ ಹತ್ತು ಮಿಲಿಸೆಕೆಂಡ್ ಆಸುಪಾಸು ಬೇಕು. ಇಂಥ ಸಾವಿರಾರು ಹುಡುಕಾಟ ಸಾಲಾಗಿ ನಿಂತರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಮುಂದಿನ ಸಲ ಹ್ಯಾಂಗ್ ಆದಾಗ ಸ್ಕ್ರೀನ್ ಬಿಟ್ಟು ಸಿಪಿಯು ಡಬ್ಬಿಯ ಮುಂದಿನ ಸಣ್ಣ ಲೈಟ್ ನೋಡಿ. ಪವರ್ ಲೈಟ್ ಅಲ್ಲ, ಅದರ ಪಕ್ಕದ್ದು. ಅದು ಮಿಣುಕದೆ ಹತ್ತಿಕೊಂಡೇ ಇದ್ದರೆ ಡಿಸ್ಕ್ ಒದ್ದಾಡುತ್ತಿದೆ ಅಂತ ತಿಳಿಯಿರಿ. ಆಗ ಇನ್ನೊಂದು ಬ್ರೌಸರ್ ತೆರೆಯುವುದು ಅಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ನೋಡುವುದು ಸುಲಭ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಫೈರ್‌ಫಾಕ್ಸ್‌ನಲ್ಲೂ ಮೆನುವಿನ ಒಳಗೆ, ಹೆಚ್ಚಿನ ಸಾಧನಗಳಲ್ಲಿ, ಅದೇ ಹೆಸರಿನದು ಸಿಗುತ್ತದೆ. ಅಂಗಡಿಯ ಯಂತ್ರದಲ್ಲಿ ಇದನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲಿ ಕಾಣುವುದು ಸರ್ಕಾರದ ಅರ್ಜಿಯ ಪುಟ ಆಗಿರುವುದಿಲ್ಲ. ಗಿರಾಕಿಗಳು ಫೈಲ್ ಕಳಿಸಲಿ ಅಂತ ಬೆಳಿಗ್ಗೆಯಿಂದ ತೆರೆದಿಟ್ಟ ವಾಟ್ಸಾಪ್ ವೆಬ್, ಬೆಳಿಗ್ಗೆ ಓದಿ ಮುಚ್ಚದೆ ಬಿಟ್ಟ ಸುದ್ದಿ ಪುಟ, ಮೂಲೆಯಲ್ಲಿ ಹಾಡು ಹಾಕಿಟ್ಟ ಯೂಟ್ಯೂಬ್. ವಾಟ್ಸಾಪ್ ವೆಬ್ ಬಿಡೋಕಾಗಲ್ಲ, ಅಂಗಡಿ ನಡೆಯುವುದೇ ಅದರ ಮೇಲೆ. ಉಳಿದ ಎರಡನ್ನು ಮುಚ್ಚಬಹುದು, ಅಲ್ವಾ?

ಇನ್ನು ಆಯ್ಕೆಗೆ ಬರೋಣ. ಅದು ಬ್ರೌಸರಿಗಿಂತ ಮೊದಲು ವಿಂಡೋಸ್ ಮೇಲೆ ನಿಂತಿದೆ.

ವಿಂಡೋಸ್ 10 ಇದ್ದವರು ಗಾಬರಿ ಆಗಬೇಕಿಲ್ಲ. ವಿಂಡೋಸಿಗೆ ಬೆಂಬಲ ನಿಂತರೂ ಅದರ ಮೇಲೆ ಓಡುವ ಬ್ರೌಸರುಗಳಿಗೆ ನಿಂತಿಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿಯ ಮೇಲೆ ಎಡ್ಜ್ ಬ್ರೌಸರಿಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ನಡೆಯುತ್ತಿವೆ. ವಿಂಡೋಸಿಗೂ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ, ಅಂದರೆ 2026ರ ಅಕ್ಟೋಬರ್ 13ರವರೆಗಿನ ಭದ್ರತಾ ಅಪ್‌ಡೇಟ್ ಸಿಗುವ ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿದೆ, ಹುಡುಕಬೇಕು.

ವಿಂಡೋಸ್ 7 ಇದ್ದವರ ಪಾಡು ಬೇರೆ. ಕ್ರೋಮ್ ಅಲ್ಲಿ 109ನೇ ಆವೃತ್ತಿಗೆ ನಿಂತಿದೆ, ಅದು 2023ರ ಜನವರಿಯದು. ಎಡ್ಜ್ ಕೂಡ 109. ದೊಡ್ಡವುಗಳಲ್ಲಿ ಉಳಿದದ್ದು ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಒಂದೇ. 2023ರ ಜುಲೈನಲ್ಲಿ ಬಂದ ಈ ಆವೃತ್ತಿಗೆ 2024ರ ಸೆಪ್ಟೆಂಬರ್‌ವರೆಗೆ ಮಾತ್ರ ಭದ್ರತಾ ಅಪ್‌ಡೇಟ್ ಅಂತ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಮೊದಲು ಹೇಳಿತ್ತು. ಬಳಸುವವರು ಇನ್ನೂ ಇದ್ದಾರೆ ಅಂತ ಆ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಿ 2026ರವರೆಗೆ ಎಳೆದು ತಂದಿದೆ. ಇದನ್ನು ಸೇತುವೆ ಅಂತ ನೋಡಬೇಕು, ಮನೆ ಅಂತ ಅಲ್ಲ. ಆ ಕಡೆ ದಾಟುವ ಏರ್ಪಾಡು ಮಾಡಿಕೊಳ್ಳುವವರೆಗೆ ಬಳಸಿ, ಅಷ್ಟೇ. ವಿಂಡೋಸ್ ಎಕ್ಸ್‌ಪಿ ಇನ್ನೂ ಓಡಿಸುತ್ತಿರುವವರಿಗೆ ನನ್ನ ಸಲಹೆ ಒಂದೇ: ಅದಕ್ಕೆ ಇಂಟರ್ನೆಟ್ ಕೇಬಲ್ ಹಾಕಬೇಡಿ. ಟೈಪಿಂಗಿಗೆ, ಪ್ರಿಂಟಿಗೆ ಆರಾಮಾಗಿ ಇಟ್ಟುಕೊಳ್ಳಿ.

"ನನ್ನ ಕಂಪ್ಯೂಟರ್‌ನಾಗ ಕದಿಯೋಕೆ ಏನೈತ್ರೀ?" ಅಂತ ಕೇಳುವವರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಅವರಿಗೆ ಉತ್ತರ. ವೆಬ್‌ಪಿ ಅನ್ನುವ ಚಿತ್ರದ ಮಾದರಿಯನ್ನು ಬಿಡಿಸುವ ಕೋಡಿನಲ್ಲಿ ಒಂದು ದೋಷ ಸಿಕ್ಕಿತು. ಬೇಕಂತಲೇ ತಿದ್ದಿದ ಒಂದು ಚಿತ್ರ ಪುಟದಲ್ಲಿ ಕಂಡರೆ ಸಾಕು, ಏನನ್ನೂ ಕ್ಲಿಕ್ ಮಾಡದೆ ದಾಳಿ ನಡೆಯುವ ಸಾಧ್ಯತೆ ಇತ್ತು. ದೋಷ ಗೊತ್ತಾಗುವ ಮೊದಲೇ ಅದನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದರು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲಕ್ಕೂ ಕೆಲವೇ ದಿನದಲ್ಲಿ ಅಪ್‌ಡೇಟ್ ಬಂತು. ಅಪ್‌ಡೇಟ್ ನಿಂತ ಬ್ರೌಸರಿನಲ್ಲಿ ಇಂಥ ತೂತು ಹಾಗೇ ಇರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡಿಕೊಳ್ಳುವ ದೆಹಲಿಯ ಸರ್ಟ್-ಇನ್ ಸಂಸ್ಥೆ ಬ್ರೌಸರುಗಳ ಬಗ್ಗೆ ಆಗಾಗ ಎಚ್ಚರಿಕೆ ಹೊರಡಿಸುತ್ತಲೇ ಇರುವುದು ಈ ಕಾರಣಕ್ಕೆ. ಅಂಗಡಿಯ ಯಂತ್ರದಲ್ಲಿ ಕದಿಯೋಕೆ ಅಂಗಡಿಯವನದೇ ಏನೂ ಇರದೆ ಇರಬಹುದು. ಇಡೀ ಊರಿನ ಆಧಾರ್, ಪಾಸ್‌ಬುಕ್ ಅಲ್ಲೇ ಹಾದು ಹೋಗುತ್ತದಲ್ಲ.

ನನ್ನನ್ನು ಕೇಳಿದರೆ, 4 ಜಿಬಿ ರ‍್ಯಾಮ್ ಮತ್ತು ವಿಂಡೋಸ್ 10 ಇರುವ ಯಂತ್ರಕ್ಕೆ ಫೈರ್‌ಫಾಕ್ಸ್ ಹಾಕಿ, ಅದರೊಳಗೆ ಯುಬ್ಲಾಕ್ ಒರಿಜಿನ್ ಅನ್ನುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕುತ್ತೇನೆ. ಫೈರ್‌ಫಾಕ್ಸ್ ಎಲ್ಲರಿಗಿಂತ ಹಗುರ ಅಂತ ಅಲ್ಲ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿ 2025ರ ಹೊತ್ತಿಗೆ ಯುಬ್ಲಾಕ್ ಒರಿಜಿನ್ ಅನ್ನು ಹೊರಗೆ ಹಾಕಿತು. ಅಲ್ಲಿ ಈಗ ಸಿಗುವುದು ಅದರ ಲೈಟ್ ಆವೃತ್ತಿ, ಪರವಾಗಿಲ್ಲ ಅನ್ನುವಷ್ಟು ಕೆಲಸ ಮಾಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಶಕ್ತಿಯದೇ ಇದೆ. ಜಾಹೀರಾತು ಬರದಿದ್ದರೆ ಅದರ ಚಿತ್ರ ಬಿಡಿಸುವ ಕೆಲಸ ಇಲ್ಲ, ಅದರ ಸ್ಕ್ರಿಪ್ಟ್ ಓಡುವುದಿಲ್ಲ, ಅದಕ್ಕೆಂದು ಬೇರೆ ಪ್ರೊಸೆಸ್ ಹುಟ್ಟುವುದೂ ಇಲ್ಲ. ಬ್ರೌಸರ್ ಬದಲಿಸಿ ಸಿಗದ ಹಗುರ ಇದರಿಂದ ಸಿಗುತ್ತದೆ. ಗೋಡೆ ಹಾಗೇ ಇರುತ್ತದೆ, ಭಾರ ಇಳಿಯುತ್ತದೆ.

ಕೆಲವು ಸರ್ಕಾರಿ ಪುಟಗಳು ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ಓಡದೆ ಕ್ರೋಮ್ ಮಾದರಿಯನ್ನೇ ಬೇಡುತ್ತವೆ. ಅದಕ್ಕೆ ಎಡ್ಜ್ ಇದ್ದೇ ಇದೆ, ವಿಂಡೋಸ್ ಜೊತೆಗೇ ಬಂದಿರುತ್ತದೆ. ಅದೂ ಕ್ರೋಮ್‌ನ ಅದೇ ಕ್ರೋಮಿಯಂ ಬುಡದ ಮೇಲೆ ಕಟ್ಟಿದ್ದು. ಬಳಸದ ಟ್ಯಾಬುಗಳನ್ನು ಮಲಗಿಸುವ ಸೌಲಭ್ಯ ಅದರಲ್ಲಿ ಚೆನ್ನಾಗಿದೆ. ಕ್ರೋಮ್‌ಗೂ 2022ರ ಕೊನೆಗೆ ಮೆಮೊರಿ ಸೇವರ್ ಬಂತು. ಇನ್ನೊಂದು ಕ್ರೋಮಿಯಂ ಬೇಕು, ಜಾಹೀರಾತು ತಡೆ ಒಳಗೇ ಇರಬೇಕು ಅನ್ನುವವರಿಗೆ ಬ್ರೇವ್ ಇದೆ. ಹೊಸ ಟ್ಯಾಬಿನಲ್ಲಿ ಅದು ತೋರಿಸುವ ಕ್ರಿಪ್ಟೊ ಗದ್ದಲವನ್ನು ಒಂದು ಸಲ ಆಫ್ ಮಾಡಿಕೊಂಡರೆ ಆಯಿತು. ಯಾವುದೇ ಆಗಲಿ, ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವುದನ್ನು, ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಅನ್ನುವುದನ್ನು ಆಫ್ ಮಾಡಿ. ಮುಚ್ಚಿದ್ದೇವೆ ಅಂದುಕೊಂಡ ಬ್ರೌಸರುಗಳೇ ಒಳಗೊಳಗೆ ಮೆಮೊರಿ ಹಿಡಿದು ಕೂತಿರುತ್ತವೆ. ಒಂದು ಮುಖ್ಯ ಬ್ರೌಸರ್, ಒಂದು ಬದಲಿ. ಉಳಿದವನ್ನು ತೆಗೆದುಹಾಕಿ.

ಇನ್ನು ಹಗುರ ಅಂತಲೇ ಹೆಸರಾದವು. ಪೇಲ್ ಮೂನ್ ಹಳೆ ಫೈರ್‌ಫಾಕ್ಸ್‌ನಿಂದ ಕವಲೊಡೆದ ಬ್ರೌಸರ್, ಈಗಲೂ ಅಪ್‌ಡೇಟ್ ಬರುತ್ತದೆ, ವಿಂಡೋಸ್ 7ರ ಮೇಲೂ ಓಡುತ್ತದೆ. ಎಲ್ಲ ಟ್ಯಾಬೂ ಒಂದೇ ಪ್ರೊಸೆಸ್‌ನಲ್ಲಿ ಇರುವುದರಿಂದ ಮೆಮೊರಿ ಕಡಿಮೆ. ಆದರೆ ಒಂದು ಪುಟ ಸಿಕ್ಕಿಕೊಂಡರೆ ಎಲ್ಲವೂ ನಿಲ್ಲುತ್ತದೆ. ನಾನು ಮೇಲೆ ಹೇಳಿದ ಗೋಡೆಯೂ ಇಲ್ಲ. ಎಷ್ಟೋ ಹೊಸ ಸೈಟುಗಳು ಅದನ್ನು ಗುರುತಿಸುವುದೇ ಇಲ್ಲ. 2025ರಲ್ಲಿ, ಸೈಟುಗಳಿಗೆ ಕಾವಲು ಕೊಡುವ ಕ್ಲೌಡ್‌ಫ್ಲೇರ್ ಕಂಪನಿಯ 'ನೀವು ಮನುಷ್ಯರಾ' ಅನ್ನುವ ತಪಾಸಣೆಯಲ್ಲೇ ಅದರ ಬಳಕೆದಾರರು ಸುತ್ತು ಹೊಡೆದರು. ಓದುವ ಕೆಲಸಕ್ಕೆ, ವಿಕಿಪೀಡಿಯಾಕ್ಕೆ ಆರಾಮು. ಬ್ಯಾಂಕಿಗೆ ಬೇಡ.

ಸೂಪರ್ಮಿಯಂ ಅನ್ನುವುದು ಈಗೀಗ ಬಾಯಿಂದ ಬಾಯಿಗೆ ಹರಡುತ್ತಿದೆ. ಈಚಿನ ಕ್ರೋಮಿಯಂ ಅನ್ನು ವಿಂಡೋಸ್ 7, ಎಕ್ಸ್‌ಪಿ ಮೇಲೂ ಓಡುವಂತೆ ಒಗ್ಗಿಸಿದ್ದಾರೆ. ಜಾಣತನದ ಕೆಲಸ, ಮೆಚ್ಚಬೇಕು. ಆದರೆ ದೊಡ್ಡ ಕಂಪನಿಯ ನೂರಾರು ಇಂಜಿನಿಯರುಗಳು ವಾರವಾರ ಮುಚ್ಚುವ ತೂತುಗಳನ್ನು ಬೆರಳೆಣಿಕೆಯ ಜನ ಹಿಂದೆ ಓಡಿ ಮುಚ್ಚಬೇಕು, ಒಂದಷ್ಟು ದಿನ ತಡ ಆಗೇ ಆಗುತ್ತದೆ. ಬುಡದಲ್ಲಿರುವ ವಿಂಡೋಸಿನ ತೂತು ಅಂತೂ ಮುಚ್ಚುವುದೇ ಇಲ್ಲ. ಕೆ-ಮೆಲಿಯಾನ್, ಮಿಡೋರಿ, ಫಾಲ್ಕನ್ ಇವುಗಳ ಮೇಲೆ ಹೆಚ್ಚು ಹೇಳೋಕೆ ಏನಿಲ್ಲ. ಡಿಲ್ಲೊ ನಿಜಕ್ಕೂ ಹಗುರ. ಅದರಲ್ಲಿ ಜಾವಾಸ್ಕ್ರಿಪ್ಟೇ ಇಲ್ಲ. ಸೇವಾಸಿಂಧು ಬಿಡಿ, ಲಾಗಿನ್ ಬಟನ್ ಕೂಡ ಎಷ್ಟೋ ಕಡೆ ಕೆಲಸ ಮಾಡುವುದಿಲ್ಲ.

ಕನ್ನಡ ಓದುವವರಿಗೆ ಇನ್ನೊಂದು ಮಾತು. ನಮ್ಮ ಒತ್ತಕ್ಷರ, ಗುಣಿತಾಕ್ಷರ ಜಾಗಕ್ಕೆ ಕೂರಬೇಕಾದರೆ ಅಕ್ಷರ ಜೋಡಿಸುವ ಒಂದು ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಹಾರ್ಫ್‌ಬಜ್ ಅನ್ನುವ ಒಳ್ಳೆಯ ಎಂಜಿನ್ ಬಳಸುತ್ತವೆ. ತೀರಾ ಸಣ್ಣ ಬ್ರೌಸರುಗಳಲ್ಲಿ ಈ ಜೋಡಣೆ ಹದಗೆಟ್ಟು ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಬಹುದು. ಹಾಕಿದ ತಕ್ಷಣ 'ಬಾಗಲಕೋಟೆ ಜಿಲ್ಲೆ' ಅನ್ನುವ ಎರಡು ಪದ ತೆರೆದು ನೋಡಿ, 'ಜಿಲ್ಲೆ'ಯ ಲಾವೊತ್ತು ಕೆಳಗೆ ಕೂತಿದ್ದರೆ ಸರಿ.

ವಿಂಡೋಸ್ 7ರಿಂದ ಮೇಲೇಳೋಕೆ ಒಂದು ದಾರಿ ಲಿನಕ್ಸ್, ವಿಂಡೋಸ್ ಬದಲಿಗೆ ಹಾಕುವ ಉಚಿತ ಕಾರ್ಯವ್ಯವಸ್ಥೆ. ಇದನ್ನು ಹೇಳುವುದು ಸುಲಭ, ಎಲ್ಲರಿಗೂ ಹೊಂದುವುದಿಲ್ಲ. ಮನೆಯಲ್ಲಿ ಮಕ್ಕಳ ಓದಿಗೆ, ಗ್ರಂಥಾಲಯಕ್ಕೆ, ಶಾಲೆಯ ಲ್ಯಾಬಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಫೈರ್‌ಫಾಕ್ಸ್ ಜೊತೆಗೇ ಬರುತ್ತದೆ, ಅಪ್‌ಡೇಟ್ ತಾನಾಗೇ ಸಿಗುತ್ತದೆ. 2 ಜಿಬಿ ರ‍್ಯಾಮ್ ಕನಿಷ್ಠ, 4 ಇದ್ದರೆ ನೆಮ್ಮದಿ. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಅನ್ನುವ ಪೊಟ್ಟಣದಲ್ಲಿ ಬರುವುದರಿಂದ ಹಳೆ ಹಾರ್ಡ್ ಡಿಸ್ಕಿನ ಮೇಲೆ ಮೊದಲ ಸಲ ತೆರೆಯೋಕೆ ತಡ. ಮಿಂಟ್‌ನಲ್ಲಿ ಆ ತಾಪತ್ರಯ ಇಲ್ಲ. ಪ್ರೊಸೆಸರ್ 64 ಬಿಟ್ಟಿನದಾ ಅಂತ ನೋಡಿಕೊಳ್ಳಿ. ಕೋರ್ 2 ಡ್ಯುಯೊ 64 ಬಿಟ್ಟೇ. ಹಳೆ ಆಟಮ್ ಚಿಪ್ಪಿನ ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಕೆಲವು 32 ಬಿಟ್ಟಿನವು. 32 ಬಿಟ್ ಲಿನಕ್ಸಿಗೆ ಕ್ರೋಮ್ 2016ರಲ್ಲೇ ಬಾಗಿಲು ಹಾಕಿತು, ಫೈರ್‌ಫಾಕ್ಸ್ 2025ರ ನವೆಂಬರ್‌ನ 145ನೇ ಆವೃತ್ತಿಯಿಂದ ಹಾಕಿತು. ಇಎಸ್‌ಆರ್ 140 ಮಾತ್ರ ಇನ್ನು ಸ್ವಲ್ಪ ಕಾಲ ಕೈಹಿಡಿಯುತ್ತದೆ.

ಆನ್‌ಲೈನ್ ಸೆಂಟರಿನ ಮಾತೇ ಬೇರೆ. ಬೆರಳಚ್ಚು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್, ಮೇಜಿನ ಮೂಲೆಯಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಈ ಪ್ರಿಂಟರ್ ಇಲ್ಲದ ಝೆರಾಕ್ಸ್ ಅಂಗಡಿ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಗಟ್ಟಿ ಯಂತ್ರ, ಸಾಯುವುದೇ ಇಲ್ಲ. ಆದರೆ ಅದು ಕ್ಯಾನನ್‌ನದೇ ಬೇರೆ ಭಾಷೆ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದನ್ನು ಓಡಿಸುವುದು ತಲೆನೋವು. ಬೆರಳಚ್ಚು, ಸಹಿ ಟೋಕನ್ನಿನ ಸಾಫ್ಟ್‌ವೇರುಗಳೂ ವಿಂಡೋಸನ್ನೇ ನಂಬಿಕೊಂಡಿವೆ. ಹಾಗಾಗಿ ಅಂಗಡಿಯವರಿಗೆ "ಲಿನಕ್ಸ್ ಹಾಕ್ರೀ" ಅನ್ನುವುದು ಪುಕ್ಕಟೆ ಉಪದೇಶ ಆಗುತ್ತದೆ. ಅವರಿಗೆ ಒಳ್ಳೆಯದು ವಿಂಡೋಸ್ 10, ಹಾರ್ಡ್ ಡಿಸ್ಕಿನ ಬದಲಿಗೆ ಒಂದು ಎಸ್‌ಎಸ್‌ಡಿ, ಮೇಲೆ ಹೇಳಿದ ಎರಡು ಬ್ರೌಸರ್.

ಎಸ್‌ಎಸ್‌ಡಿ ಅಂದೆನಲ್ಲ, ದುಡ್ಡು ಹಾಕುವುದಿದ್ದರೆ ಮೊದಲು ಅದಕ್ಕೇ ಹಾಕಿ. ತಿರುಗುವ ತಟ್ಟೆ ಇಲ್ಲದ್ದರಿಂದ ಹುಡುಕಾಟದ ಆ ಹತ್ತು ಮಿಲಿಸೆಕೆಂಡ್ ಅದರಲ್ಲಿ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಮೆಮೊರಿ ತುಂಬಿದರೂ ಯಂತ್ರ ಉಸಿರಾಡುತ್ತಿರುತ್ತದೆ. ಹದಿನೈದು ವರ್ಷದ ಹಳೆ ಬೋರ್ಡಿಗೂ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ರ‍್ಯಾಮ್ ಬೇಕಾದರೆ ಹಳೆಯ ಡಿಡಿಆರ್3 ಕಡ್ಡಿಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಿ.

ಬ್ರೌಸರಿನ ಮೇಲೆ ಬೀಳುವ ಬೈಗುಳದಲ್ಲಿ ಒಂದಷ್ಟು ಧೂಳಿಗೆ ಸಲ್ಲಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ರಸ್ತೆ ಬದಿಯ ಅಂಗಡಿ, ಷಟರ್ ತೆರೆದೇ ಇರುತ್ತದೆ. ಪ್ರೊಸೆಸರಿನ ಮೇಲಿನ ಫ್ಯಾನ್ ಮತ್ತು ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹತ್ತಿಯ ಹಾಸಿನ ಹಾಗೆ ಕೂತಿರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕಂಪ್ಯೂಟರ್ ಮಧ್ಯಾಹ್ನ ಎರಡು ಗಂಟೆಗೆ ತೂಕಡಿಸುತ್ತಿದ್ದರೆ ಬ್ರೌಸರ್ ಬದಲಿಸುವ ಮೊದಲು ಡಬ್ಬಿ ಬಿಚ್ಚಿ ಬ್ರಷ್ ಹಾಕಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಊದಿ, ಇಲ್ಲದಿದ್ದರೆ ಬ್ಲೋವರ್ ಗಾಳಿಗೆ ಅದು ಅತಿ ವೇಗವಾಗಿ ತಿರುಗಿ ಕೆಡಬಹುದು.

ಇನ್ನೊಂದು ಸಣ್ಣ ವಸ್ತು ಇನ್ನೂ ದೊಡ್ಡ ಕಾಟ ಕೊಡುತ್ತದೆ. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. ಕರೆಂಟ್ ಹೋದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕರೆಂಟ್ ಬಂದಾಗ ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಬ್ರೌಸರ್ ತನ್ನ ದಿನಾಂಕ ನೋಡಿ, ಈ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಅಂದುಕೊಂಡು 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಅಂತ ಕೆಂಪು ಎಚ್ಚರಿಕೆ ಕೊಡುತ್ತದೆ. ಬ್ಯಾಂಕೂ ತೆರೆಯುವುದಿಲ್ಲ, ಜಿಮೇಲೂ ತೆರೆಯುವುದಿಲ್ಲ. ಬ್ರೌಸರ್ ಕೆಟ್ಟಿದೆ ಅಂತ ಅಳಿಸಿ ಇನ್ನೊಂದು ಹಾಕಿದರೂ ಅದೇ ಕಥೆ. ಕೆಲವರು 'ಆದರೂ ಮುಂದುವರಿಸಿ' ಒತ್ತುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಇದು ಅಪಾಯ. ನಿಜವಾದ ಮೋಸದ ಪುಟ ಬಂದಾಗಲೂ ಕೈ ಅಲ್ಲಿಗೇ ಹೋಗುತ್ತದೆ. ಸ್ಕ್ರೀನಿನ ಬಲಗಡೆ ಕೆಳಗೆ ದಿನಾಂಕ ನೋಡಿ. ತಪ್ಪಿದ್ದರೆ ಹೊಸ ಸೆಲ್ ತಂದು ಹಾಕಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಂಕಿನ ಮಾತು ಬಂತಲ್ಲ, ರಿಸರ್ವ್ ಬ್ಯಾಂಕ್ ಹೇಳಿದಂತೆ 2025ರ ಅಕ್ಟೋಬರ್ ಕೊನೆಗೆ ಬ್ಯಾಂಕುಗಳ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಕಡೆಗೆ ಬದಲಾಗಿದೆ. ಹಳೆ ಬುಕ್‌ಮಾರ್ಕ್‌ಗಳನ್ನು ಅಳಿಸಿ ಹೊಸದು ಮಾಡಿಟ್ಟುಕೊಳ್ಳಿ.

ಯೂಟ್ಯೂಬ್ ಪಾಠ ನೋಡುವ ಮಕ್ಕಳಿಗಾಗಿ ಒಂದು ಉಪಾಯ. ಯೂಟ್ಯೂಬ್ ಈಗ ವಿಪಿ9, ಎವಿ1 ಅನ್ನುವ ಹೊಸ ಮಾದರಿಗಳಲ್ಲಿ ವಿಡಿಯೊ ಕಳಿಸುತ್ತದೆ. ಇಂಟೆಲ್‌ನ ಗ್ರಾಫಿಕ್ಸ್ ಚಿಪ್ ವಿಪಿ9ನ್ನು ಪೂರ್ತಿಯಾಗಿ ಬಿಡಿಸೋಕೆ ಕಲಿತದ್ದು ಏಳನೇ ಪೀಳಿಗೆಯಲ್ಲಿ, ಎವಿ1 ಅಂತೂ ಹನ್ನೊಂದನೆಯದರಲ್ಲಿ. ಹಳೆಯವುಗಳಲ್ಲಿ ಪ್ರೊಸೆಸರೇ ಒದ್ದಾಡಿ ಬಿಡಿಸಬೇಕು. ಎಚ್264ಇಫೈ ಅನ್ನುವ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೆ ಎಚ್.264 ಮಾದರಿಯಲ್ಲೇ ಕಳಿಸುತ್ತದೆ, ಹಳೆ ಚಿಪ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತದೆ. 480ಪಿಗೆ ಇಳಿಸಿ ನೋಡಿದರೆ ಅದೂ ಸರಿಹೋಗುತ್ತದೆ, ಕರಿಹಲಗೆಯ ಅಕ್ಷರ ಕಾಣೋಕೆ ಅಷ್ಟು ಸಾಕು.

ಬ್ರೌಸರ್ ಬದಲಿಸುವಾಗ ಹಳೆಯದರಿಂದ ಬುಕ್‌ಮಾರ್ಕ್, ಪಾಸ್‌ವರ್ಡ್ ಹೊಸದಕ್ಕೆ ತರುವ ಸೌಲಭ್ಯ ಬಹುಪಾಲು ಬ್ರೌಸರುಗಳಲ್ಲಿ ಇದೆ. ಮನೆಯ ಯಂತ್ರವಾದರೆ ಬಳಸಿ. ಅಂಗಡಿಯದಾದರೆ ಬೇಡ, ಅದರಲ್ಲಿ ಗಿರಾಕಿಗಳ ಪಾಸ್‌ವರ್ಡ್ ಎಷ್ಟಿವೆಯೋ! ಅಂಗಡಿಯ ಯಂತ್ರಕ್ಕೆ ಕ್ರೋಮ್, ಎಡ್ಜ್‌ನಲ್ಲಾದರೆ ಅತಿಥಿ ಕಿಟಕಿ, ಫೈರ್‌ಫಾಕ್ಸ್‌ನಲ್ಲಾದರೆ ಖಾಸಗಿ ಕಿಟಕಿ ಬಳಸಿ. ಮುಚ್ಚಿದ ಕೂಡಲೇ ಲಾಗಿನ್, ಹಿಸ್ಟರಿ ಎಲ್ಲ ಅಳಿಯುತ್ತದೆ. ಡೌನ್‌ಲೋಡ್ ಆದ ಫೈಲ್ ಮಾತ್ರ ಅಳಿಯುವುದಿಲ್ಲ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಊರಿನವರಿಗೆ ಊರಿನವರ ಹೆಸರು, ವಯಸ್ಸು ಎರಡೂ ಗೊತ್ತಿರುತ್ತದೆ. ವಿಂಡೋಸ್ 10ರ ಸ್ಟೋರೇಜ್ ಸೆನ್ಸ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ತೆರೆಯದ ಫೈಲುಗಳನ್ನು ಅಳಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಬಿಡಿ. ಅಂಗಡಿಯ ಸ್ವಂತ ಫೈಲುಗಳನ್ನು ಮೊದಲೇ ಬೇರೆ ಫೋಲ್ಡರಿಗೆ ಎತ್ತಿಡಿ.